ಗಾಜಿನ ತೊಟ್ಟಿಯೊಳಗಿನ ಕಡಲು

ಕೆಲವು ವರ್ಷಗಳ ಹಿಂದೆ ಹವಳದಿಬ್ಬದ ಮೀನುಗಳಿಗಾಗಿ ನಮ್ಮ ಮನೆಯಲ್ಲಿ 60 ಲೀಟರು ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನು ಇರಿಸಿದ್ದೆವು. ಒಂದು ಭಾನುವಾರ ಅದರ ಶೋಧಕದ ಸ್ಪಂಜು ಕೊಳೆಯಾಗಿ ಕಂಡಿತೆಂದು ನಲ್ಲಿಯ ನೀರಿನಲ್ಲಿ ಚೆನ್ನಾಗಿ ಹಿಂಡಿ ತೊಳೆದೆವು. ಬುಧವಾರ ಬೆಳಗ್ಗೆ ನೋಡುವಾಗ ಎರಡು ಮೀನುಗಳೂ ಸತ್ತಿದ್ದವು. ತೊಟ್ಟಿಯ ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿತ್ತು.

ನಾವು ಮಾಡಿದ ತಪ್ಪು ತಿಳಿಯಬೇಕಾದರೆ ‘ಸೋಸುವುದು’ ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಬಟ್ಟೆಯಲ್ಲಿ ಸೋಸಿದರೆ ನೀರಿನ ಕಸ ನಿಲ್ಲುತ್ತದೆ. ಕರಗಿದ ಉಪ್ಪು ನಿಲ್ಲುವುದಿಲ್ಲ. ಮೀನು ಕಿವಿರುಗಳಿಂದ ಹೊರಬಿಡುವ ಅಮೋನಿಯವೂ, ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯವೂ ಹೀಗೆ ಕರಗಿದ ವಸ್ತುಗಳೇ. ಉಪ್ಪುನೀರಿನಲ್ಲಿ ಇದರ ಅಪಾಯ ಹೆಚ್ಚು. ನೀರಿನಲ್ಲಿ ಅಮೋನಿಯಕ್ಕೆ ಎರಡು ರೂಪಗಳುಂಟು: ವಿದ್ಯುದಂಶವುಳ್ಳ ಅಮೋನಿಯಂ ಅಷ್ಟು ಕೇಡಿನದಲ್ಲ, ವಿದ್ಯುದಂಶವಿಲ್ಲದ ಅಮೋನಿಯವೇ ಕಡುವಿಷ. ಪಿಎಚ್ ಒಂದು ಅಂಕದಷ್ಟು ಏರಿದರೆ ಈ ಎರಡನೆಯದರ ಪಾಲು ಸುಮಾರು ಹತ್ತುಪಟ್ಟಾಗುವುದು. ಸಿಹಿನೀರಿನ ತೊಟ್ಟಿಯ ಪಿಎಚ್ ಸಾಮಾನ್ಯವಾಗಿ 7ರ ಆಸುಪಾಸಿನಲ್ಲಿದ್ದರೆ, ಹವಳದ ತೊಟ್ಟಿಯದು 8.1ರಿಂದ 8.3ರವರೆಗೆ ಇರುತ್ತದೆ.

ಈ ವಿಷವನ್ನು ಕಳೆಯುವ ಶೋಧಕ ಸಜೀವವಾದುದು. ಕೆಲವು ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಬೇರೆ ಕೆಲವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸಿ ಬದುಕುತ್ತವೆ. ಕಲ್ಲು, ಮರಳು, ಸ್ಪಂಜುಗಳ ಮೇಲ್ಮೈಯೇ ಇವುಗಳ ನೆಲೆ. ನಾವು ಕೊಳೆಯೆಂದು ತೊಳೆದು ಚೆಲ್ಲಿದ್ದು ಇವನ್ನೇ. ಉಳಿದವನ್ನು ನಲ್ಲಿಯ ನೀರಿನ ಕ್ಲೋರಿನ್ ಕೊಂದಿರಬೇಕು. ಇವು ಹೆಚ್ಚುವುದು ಬಹು ನಿಧಾನ. ಹೊಸ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ ಬಂದರೆ ಮೊದಲು ಅಮೋನಿಯ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದುಂಟು. ಹಾಲಿಗೆ ಹೆಪ್ಪು ಹಾಕುವಂತೆ, ಆರೋಗ್ಯವಾದ ಹಳೆಯ ತೊಟ್ಟಿಯ ಒಂದು ಹಿಡಿ ಮರಳನ್ನು ಸೇರಿಸಿದರೆ ಕಾಲ ಕಡಿಮೆಯಾದೀತು. ಎರಡೂ ಸೊನ್ನೆಗೆ ಇಳಿದುದನ್ನು ಪರೀಕ್ಷಾ ದ್ರಾವಣಗಳಿಂದ ಕಂಡುಕೊಳ್ಳುವವರೆಗೆ ಮೀನು ಬಿಡಲಾಗದು.

ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ಪದ್ಧತಿಯನ್ನು ವಿವರಿಸಿದರು. ಕಡಲಿನಿಂದ ತಂದ ಜೀವಭರಿತ ಕಲ್ಲುಗಳು ಮತ್ತು ಗಾಳಿಯ ಗುಳ್ಳೆಗಳು, ಇಷ್ಟೇ ಅವರ ಶೋಧಕ. ಕಲ್ಲಿನ ಹೊರಮೈಯಲ್ಲಿ ಮೇಲೆ ಹೇಳಿದ ಜೀವಿಗಳು ನೆಲೆಸುತ್ತವೆ; ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿ ಇನ್ನೊಂದು ಬಗೆಯವು ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿಸುತ್ತವೆ. ಆದರೆ ನಮ್ಮ ವಾಚಕರು ಕಡಲಿಗೆ ಇಳಿದು ಕಲ್ಲು ಕೀಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ 2001ರಿಂದ ಕಲ್ಲುಹವಳಗಳಿಗೂ ಉಂಟು. ನಮ್ಮ ನೇತ್ರಾಣಿಯ ಹವಳಕ್ಕೂ ಅದು ಸಲ್ಲುತ್ತದೆ. ರಂಧ್ರಮಯವಾದ ಸೆರಾಮಿಕ್ ತುಂಡುಗಳನ್ನು ಇಟ್ಟು, ಅವುಗಳ ನಡುವೆ ನೀರು ಸದಾ ಹರಿಯುವಂತೆ ಸಣ್ಣ ಪಂಪನ್ನು ಜೋಡಿಸಿದರೆ ಅದೇ ಕೆಲಸ ಬಹುಮಟ್ಟಿಗೆ ನಡೆಯುತ್ತದೆ.

ಇನ್ನು ನೊರೆಶೋಧಕ. ಭೌತವಿಜ್ಞಾನದವರಾದ ನಮಗೆ ಇದರ ಮೇಲೆ ಸ್ವಲ್ಪ ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳುವೆವು. ಅಲೆ ಬಡಿಯುವ ದಡದಲ್ಲಿ ಕಂದು ನೊರೆ ಕಟ್ಟುವುದನ್ನು ನೋಡಿರುವವರುಂಟು. ಪ್ರೋಟೀನಿನಂತಹ ಅಣುಗಳ ಒಂದು ಭಾಗ ನೀರನ್ನು ಒಲ್ಲದು, ಇನ್ನೊಂದು ಭಾಗ ನೀರನ್ನೇ ಬಯಸುವುದು. ಆದುದರಿಂದ ಅವು ಗಾಳಿ ಮತ್ತು ನೀರುಗಳ ಗಡಿಯಲ್ಲಿ ಬಂದು ನಿಲ್ಲುತ್ತವೆ. ಕೊಳವೆಯೊಳಗೆ ಗುಳ್ಳೆಗಳನ್ನು ಏರಿಸಿ, ಮೇಲೆ ಕಟ್ಟಿದ ನೊರೆಯನ್ನು ಬಟ್ಟಲಿಗೆ ಹರಿಯಬಿಟ್ಟರೆ ಕಲ್ಮಷವು ಕೊಳೆತು ಅಮೋನಿಯವಾಗುವ ಮೊದಲೇ ಹೊರಬೀಳುವುದು. ಗುಳ್ಳೆ ಸಣ್ಣದಾದಷ್ಟೂ ಲಾಭ: 1 ಸೆಂಟಿಮೀಟರು ವ್ಯಾಸದ ಗುಳ್ಳೆಯನ್ನು ಅರ್ಧ ಮಿಲಿಮೀಟರು ವ್ಯಾಸದವಾಗಿ ಒಡೆದರೆ 8,000 ಗುಳ್ಳೆಗಳಾಗಿ, ಒಟ್ಟು ಮೇಲ್ಮೈ 20 ಪಟ್ಟು ಹೆಚ್ಚುತ್ತದೆ. ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಬೇಗನೆ ಒಂದರೊಡನೊಂದು ಕೂಡಿ ದೊಡ್ಡವಾಗುತ್ತವೆ. ಕಡಲಿನ ಉಪ್ಪು ಈ ಕೂಡುವಿಕೆಯನ್ನು ತಡೆಯುತ್ತದೆ. ಆದಕಾರಣ ಈ ಉಪಕರಣ ಉಪ್ಪುನೀರಿಗೇ ಹೇಳಿಸಿದ್ದು. ಆದರೂ 60 ಲೀಟರಿನ ತೊಟ್ಟಿಗೆ ಇದು ಅನಿವಾರ್ಯವೆನ್ನಲಾರೆವು. ಮೀನು ಒಂದೆರಡೇ ಇದ್ದು, ನೀರನ್ನು ತಪ್ಪದೆ ಬದಲಿಸುವವರು ಇದಿಲ್ಲದೆಯೂ ನಡೆಸಬಹುದು.

ಬದಲಿಸುವುದೆಷ್ಟು? ವಾರಕ್ಕೆ ಹತ್ತನೆಯ ಒಂದು ಭಾಗವೆಂದು ಇಟ್ಟುಕೊಳ್ಳೋಣ. ವಾರದಲ್ಲಿ ಒಂದು ಅಳತೆ ನೈಟ್ರೇಟ್ ಹುಟ್ಟುವುದಾದರೆ ಅದು ಬೆಳೆಯುತ್ತ ಹೋಗಿ ಹತ್ತು ಅಳತೆಯ ಬಳಿ ನಿಲ್ಲುತ್ತದೆ. ಏಕೆಂದರೆ ಆಗ ಹತ್ತರಲ್ಲಿ ಒಂದು ಹೊರಹೋಗಿ ಇನ್ನೊಂದು ಹುಟ್ಟುವುದು. ಅದನ್ನು ಇನ್ನೂ ತಗ್ಗಿಸುವ ಕೆಲಸ ಕಲ್ಲಿನ ಒಳರಂಧ್ರಗಳದು. ಹೊಸ ನೀರಿಗೆ ಅಡಿಗೆಯ ಉಪ್ಪು ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ಸೇರಿದ ಸಿದ್ಧ ಕಡಲುಪ್ಪನ್ನು ಶುದ್ಧೀಕರಿಸಿದ ನೀರಿನಲ್ಲಿ, ಕಿಲೋಗ್ರಾಮಿಗೆ 35 ಗ್ರಾಂ ಲವಣವಿರುವಂತೆ ಕರಗಿಸಬೇಕು. ಆವಿಯಾದ ನೀರಿಗೆ ಮಾತ್ರ ಸಿಹಿನೀರನ್ನೇ ತುಂಬಬೇಕು, ಆವಿಯೊಡನೆ ಉಪ್ಪು ಹೋಗುವುದಿಲ್ಲವಷ್ಟೆ. 60 ಲೀಟರಿನಲ್ಲಿ 3 ಲೀಟರು ಆವಿಯಾದರೂ 35 ಇದ್ದದ್ದು ಸುಮಾರು 37 ಆಗುವುದು.

ಸ್ಪಂಜನ್ನು ಈಗಲೂ ತೊಳೆಯುತ್ತೇವೆ. ಆದರೆ ವಾರದ ಬದಲಾವಣೆಗೆಂದು ತೊಟ್ಟಿಯಿಂದ ತೆಗೆದ ಹಳೆಯ ನೀರಿನ ಬಕೆಟ್ಟಿನಲ್ಲಿ, ಮೆಲ್ಲಗೆ ಎರಡು ಸಲ ಅದ್ದಿ.