ಚಿತ್ರ ಬರೆದು ಕೂಡಿಸೋಣ

ಒಂದನೇ ತರಗತಿಯ ಮಗು 3 + 2 ಎಂದು ಬರೆದದ್ದನ್ನು ನೋಡಿ ಸುಮ್ಮನೆ ಕೂತರೆ, ‘ಇದರ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದು ಮನೆಯ ಹಿರಿಯರು ಬೇಗ ಹೇಳಿಬಿಡುತ್ತಾರೆ. ಆ ಮಾತು ಮಗುವಿನ ಕಿವಿಗೆ ಬಿದ್ದರೆ ಲೆಕ್ಕದ ಬದಲು ಹೆದರಿಕೆಯನ್ನೇ ಕಲಿಯುತ್ತದೆ. ಬ್ಯಾಂಕಿನ ಗುಮಾಸ್ತನಾಗಿ ಅರ್ಧ ಆಯುಷ್ಯವನ್ನು ಕೂಡಿಸುವುದರಲ್ಲೇ ಕಳೆದವನು ನಾನು. ಕೈಯಲ್ಲಿ ಎರಡು ಉಂಡೆ ಇದ್ದು ಅಜ್ಜಿ ಇನ್ನೊಂದು ಕೊಟ್ಟರೆ ಮೂರಾಯಿತೆಂದು ಯಾವ ಮಗುವಿಗೆ ಗೊತ್ತಿಲ್ಲ? ತೊಡಕಾಗುವುದು ಆ ಗುರುತುಗಳು.

ಮುದ್ರಿತ ಪುಸ್ತಕದಲ್ಲಿ + ಗುರುತು ಕಾಣಿಸಿಕೊಂಡಿದ್ದೇ 1489ರಲ್ಲಿ, ಜರ್ಮನಿಯ ಯೋಹಾನೆಸ್ ವಿಡ್‌ಮನ್ ಬರೆದ ವ್ಯಾಪಾರದ ಲೆಕ್ಕದ ಪುಸ್ತಕದಲ್ಲಿ. ಅದಕ್ಕೂ ಸಾವಿರಾರು ವರ್ಷ ಮೊದಲೇ ಜನ ಕೂಡಿಸುತ್ತಿದ್ದರು. ಮಗುವಿಗೂ ಗುರುತು ಆಮೇಲೆ ಬರಲಿ.

ಮೊದಲು ಹುಣಸೆ ಬೀಜ ಇಟ್ಟು ಎಣಿಸಲಿ. ಆಮೇಲೆ ಅದನ್ನೇ ಚಿತ್ರವಾಗಿ ಬರೆಯಲಿ: ಮೂರು ಮಾವಿನಹಣ್ಣು, ಪಕ್ಕದಲ್ಲಿ ಎರಡು. ಸುತ್ತ ಒಂದು ದೊಡ್ಡ ಬುಟ್ಟಿ ಎಳೆದರೆ ಐದು. ಕೊನೆಗೆ ಕೆಳಗೆ 3 + 2 = 5 ಎಂದು ಬರೆಯಿರಿ. ಸೊನ್ನೆಗೆ ಖಾಲಿ ತಟ್ಟೆ ಬರೆದರಾಯಿತು.

ಇದು ರೂಢಿಯಾದ ಮೇಲೆ ಮೂರು ಹಣ್ಣಿನ ಮೇಲೆ ಅಂಗೈ ಮುಚ್ಚಿ. ‘ಒಳಗೆ ಮೂರಿದೆ, ಮುಂದಕ್ಕೆ ಎಣಿಸು’ ಎನ್ನಿ. ಮಗು ‘ನಾಲ್ಕು, ಐದು’ ಎನ್ನುತ್ತದೆ. ಪ್ರತಿ ಸಲ ಒಂದರಿಂದ ಶುರು ಮಾಡುವ ಶ್ರಮ ತಪ್ಪಿತು.

ನನ್ನ ಮೊಮ್ಮಗಳು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟು ಬೆರಳೆಣಿಸುತ್ತಿದ್ದಳು. ಬೆರಳೆಣಿಸಿದರೆ ದಡ್ಡರು ಎಂದು ಯಾರೋ ಹೇಳಿದ್ದರಂತೆ. ‘ಮೇಲಿಟ್ಟೇ ಎಣಿಸು ಪುಟ್ಟಿ, ಬ್ಯಾಂಕಿನಲ್ಲಿ ನೋಟನ್ನು ನಾವೂ ಬೆರಳಲ್ಲೇ ಎಣಿಸುತ್ತಿದ್ದೆವು’ ಎಂದೆ. ನಕ್ಕಳು. ಅಂದಿನಿಂದ ಅವಳ ಕೈ ಮೇಜಿನ ಮೇಲೆ ಬಂತು.

ಅವಳಿಗೆ ಇಷ್ಟವಾದದ್ದು ‘ಹತ್ತರ ಮನೆ’. ಸಾಲಿಗೆ ಐದರಂತೆ ಎರಡು ಸಾಲು ಚೌಕ ಬರೆಯಿರಿ. 8 + 5 ಮಾಡಬೇಕೆ? ಎಂಟು ಚೌಕಗಳಲ್ಲಿ ಒಂದೊಂದು ಹಕ್ಕಿ ಬರೆಯಿರಿ. ಎರಡು ಚೌಕ ಖಾಲಿ. ಹೊರಗಿನ ಐದು ಹಕ್ಕಿಗಳಲ್ಲಿ ಎರಡು ಒಳಗೆ ಬಂದರೆ ಮನೆ ತುಂಬಿತು. ಹೊರಗೆ ಉಳಿದದ್ದು ಮೂರು. ಹತ್ತು ಮತ್ತು ಮೂರು, ಹದಿಮೂರು! ಮುಂದೆ ಶಾಲೆಯಲ್ಲಿ ಬರುವ ‘ದಶಕ’ದ ಲೆಕ್ಕಕ್ಕೂ ಇದೇ ಬುನಾದಿ. ಬ್ಯಾಂಕಿನಲ್ಲೂ ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್ ಎಂದು ಕಟ್ಟಿಡುತ್ತೇವೆ. ತುಂಬಿದ ಕಟ್ಟನ್ನು ಮತ್ತೆ ಬಿಡಿಬಿಡಿಯಾಗಿ ಎಣಿಸಬೇಕಿಲ್ಲ.

ಅಜ್ಜ ಅಜ್ಜಿಯರಿಗೆ ಒಂದು ಮಾತು: ದಿನಕ್ಕೆ ಹತ್ತು ನಿಮಿಷ ಸಾಕು. ಉತ್ತರ ತಪ್ಪಿದರೆ ‘ತಪ್ಪು’ ಎನ್ನುವ ಮೊದಲು ‘ಚಿತ್ರ ತೋರಿಸು’ ಎನ್ನಿ. ಎಣಿಸುವಾಗ ಬಿಟ್ಟುಹೋದ ಹಕ್ಕಿ ಮಗುವಿನ ಕಣ್ಣಿಗೇ ಬೀಳುತ್ತದೆ.

ಮಕ್ಕಳೇ, ಈ ಭಾನುವಾರ 9 + 4 ಮತ್ತು 7 + 6 ಎರಡನ್ನೂ ಹತ್ತರ ಮನೆ ಬರೆದು ಮಾಡಿ. ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಯಾಕೆಂದು ಅಜ್ಜನಿಗೆ ನೀವೇ ಬಿಡಿಸಿ ಹೇಳಿ.