89ನೇ ನಿಮಿಷದ ಆ ಒಂದು ಗೋಲು

ಸ್ಕೋರು 10–0. ಪಂದ್ಯ ಮುಗಿಯಲು ಉಳಿದಿರುವುದು ಒಂದೇ ನಿಮಿಷ. ಮೈ ಕೊರೆಯುವ ಚಳಿ, ತಂಡದ ಹಲವರ ಕಾಲಲ್ಲಿ ಬೂಟೂ ಇಲ್ಲ. ಇಂಥ ಹೊತ್ತಲ್ಲಿ ನೀವಾಗಿದ್ದರೆ ಚೆಂಡಿನ ಹಿಂದೆ ಓಡುತ್ತಿದ್ದಿರಾ? ನಾನಂತೂ ಇಲ್ಲ. ಆದರೆ ಬೆಂಗಳೂರಿನ ಅಹಮದ್ ಖಾನ್ ಓಡಿದರು, ಗೋಲೂ ಹೊಡೆದರು.

ಅದು 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. 87ನೇ ನಿಮಿಷದಲ್ಲಿ ಅವರು ಹತ್ತನೇ ಗೋಲು ಹೊಡೆದಿದ್ದರು. ಎರಡೇ ನಿಮಿಷದ ನಂತರ ಬಂದದ್ದು ಅಹಮದ್ ಖಾನ್ ಅವರ ಗೋಲು. ಪಂದ್ಯ 10–1.

ಕಾಲೇಜಿನ ಕ್ವಿಜ್‌ಗೆಂದು ಓದುವಾಗ ಸಿಕ್ಕ ಈ ಹೆಸರು ನನ್ನ ತಲೆಯಿಂದ ಹೋಗಲೇ ಇಲ್ಲ. 1926ರಲ್ಲಿ ಹುಟ್ಟಿದ ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಆಡಿದ್ದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಫ್ರಾನ್ಸ್ ಎದುರು ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿ, 2–1ರಿಂದ ಸೋತೆವು. ಭಾರತದ ಆ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ತಂಡದ ಆಟಗಾರ. ಹೊಳಲ್ಕೆರೆಯ ಹೈಸ್ಕೂಲ್ ಮೈದಾನದಲ್ಲಿ ಬರಿಗಾಲಲ್ಲಿ ಆಡಿ, ಜಾಲಿಮುಳ್ಳು ಚುಚ್ಚಿಸಿಕೊಂಡು ಬೆಳೆದ ನನಗೆ ಆ ಫೋಟೊಗಳನ್ನು ನೋಡಿದರೆ ಏನೋ ಹೆಮ್ಮೆ.

ಆಗಿನ ಕಾಲದಲ್ಲಿ ಫುಟ್ಬಾಲ್ ನಂಬಿ ಬದುಕುವವರಿಗೆ ದಾರಿ ಇದ್ದದ್ದು ಕಲ್ಕತ್ತಕ್ಕೆ. ನಮ್ಮ ಹಿರಿಯೂರು, ಹೊಸದುರ್ಗದ ಹುಡುಗರು ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತುವಂತೆ, 1949ರಲ್ಲಿ ಅಹಮದ್ ಖಾನ್ ಬೆಂಗಳೂರು ಬಿಟ್ಟು ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಆಗ ಅವರಿಗೆ 22 ವರ್ಷ, ನನಗಿಂತ ಎರಡೇ ವರ್ಷ ದೊಡ್ಡವರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹಮದ್ ಖಾನ್ ಸೇರಿದ ಮುಂಪಡೆಗೆ ಬಂಗಾಳಿಗಳು ಇಟ್ಟ ಹೆಸರು 'ಪಂಚಪಾಂಡವರು'. ಐವರೂ ದಕ್ಷಿಣ ಭಾರತದವರು! 1949, 50, 51ರಲ್ಲಿ ಸತತ ಮೂರು ಸಲ ಐಎಫ್ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಚೆಂಡನ್ನು ಕಾಲಲ್ಲೇ ಆಡಿಸಿ ಎದುರಾಳಿಯನ್ನು ಮರುಳು ಮಾಡುವ ಅಹಮದ್ ಖಾನ್‌ಗೆ 'ಹಾವಾಡಿಗ' ಎಂಬ ಅಡ್ಡಹೆಸರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ತಂಡವನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಅಷ್ಟೆಲ್ಲ ಗೆದ್ದವರು ಮರುವರ್ಷವೇ ಹೆಲ್ಸಿಂಕಿಯಲ್ಲಿ ಹತ್ತು ಗೋಲು ತಿಂದರು. ಆ ಸೋಲಿನ ನಂತರವೇ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ಸೆಮಿಫೈನಲ್‌ಗೆ ಹೋಗಿ ನಾಲ್ಕನೇ ಸ್ಥಾನ ಪಡೆಯಿತು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕಳೆದ ಸೆಮಿಸ್ಟರ್‌ನಲ್ಲಿ ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಗಣಿತ ಪೇಪರ್ ಕಷ್ಟ ಇತ್ತು. 'ಹೇಗೂ ಹೋಯ್ತು' ಅಂದುಕೊಂಡು ಇಪ್ಪತ್ತು ನಿಮಿಷ ಇರುವಾಗಲೇ ಉತ್ತರಪತ್ರಿಕೆ ಕೊಟ್ಟು ಎದ್ದು ಬಂದೆ. ಬರುವ ಲೆಕ್ಕ ಒಂದು ಉಳಿದಿತ್ತು, ಅದನ್ನೂ ಮುಟ್ಟಲಿಲ್ಲ. ರಿಸಲ್ಟ್ ಬಂದಾಗ ಪಾಸಾಗಲು ಕಡಿಮೆ ಬಿದ್ದಿದ್ದು ನಾಲ್ಕೇ ಅಂಕ. ಮನೆಯಲ್ಲಿ ಅಪ್ಪ ಬಯ್ಯಲಿಲ್ಲ. "ಪೂರ್ತಿ ಹೊತ್ತು ಕೂತು ಬರೆದ್ಯಾ?" ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಹಮದ್ ಖಾನ್ ಹೊಡೆದ ಗೋಲಿನಿಂದ ಪಂದ್ಯದ ಫಲಿತಾಂಶವೇನೂ ಬದಲಾಗಲಿಲ್ಲ, ನಿಜ. ಸೋಲು ಸೋಲೇ. 2017ರ ಆಗಸ್ಟ್‌ನಲ್ಲಿ, 90ನೇ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ನಮ್ಮ ಕಡೆ ಎಷ್ಟು ಜನರಿಗೆ ಗೊತ್ತಾಯಿತೋ. ಆದರೆ ಗೆಲ್ಲುವ ಆಸೆಯೇ ಇಲ್ಲದ ಹೊತ್ತಲ್ಲೂ ಆಡುವುದನ್ನು ನಿಲ್ಲಿಸದ ಮನುಷ್ಯ ಎಂದು ನನಗೆ ಅವರು ನೆನಪಿರುತ್ತಾರೆ.

ಮುಂದಿನ ವಾರ ಅದೇ ಗಣಿತ ಪೇಪರ್ ಮತ್ತೆ ಬರೆಯುತ್ತಿದ್ದೇನೆ. ಪಾಸೋ ಫೇಲೋ ಗೊತ್ತಿಲ್ಲ. ಕೊನೆಯ ಬೆಲ್ ಹೊಡೆಯುವವರೆಗೆ ಮಾತ್ರ ಏಳುವುದಿಲ್ಲ.