ಕನ್ನಂಬಾಡಿಯ ನೀರು, ಕೋಲಾರದ ತಂತಿ

ನಾಗಮಂಗಲದ ಕಡೆ ಕೊಳವೆ ಬಾವಿ ನಂಬಿದ ರೈತ ತ್ರೀಫೇಸ್ ಕರೆಂಟಿಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕೂರುತ್ತಾನೆ. ಅದೇ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲಿನಲ್ಲಿ ನೀರು ತಾನಾಗಿ ಗದ್ದೆಗೆ ಇಳಿಯುತ್ತದೆ. ಆ ನೀರನ್ನು ಹಿಡಿದಿಟ್ಟ ಕನ್ನಂಬಾಡಿ ಕಟ್ಟೆಗೂ ವಿದ್ಯುತ್ತಿಗೂ ಹುಟ್ಟಿನಿಂದಲೇ ನಂಟಿದೆ.

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಲುಪಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆಂಬಲಿಸಿದ, ಎಂಜಿನಿಯರ್ ಜೋಲಿ ದ ಲೋಟ್ಬಿನಿಯರ್ ರೂಪಿಸಿದ ಯೋಜನೆ ಅದು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳಲ್ಲಿ ಮಾತ್ರ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಗತಿಯಾಗಿತ್ತು.

ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರವೂ ಸೊರಗುತ್ತಿತ್ತು. ವರ್ಷವಿಡೀ ಒಂದೇ ಸಮನೆ ನೀರು ಬಿಡುವುದು, ಜೊತೆಗೆ ನೀರಾವರಿ ಒದಗಿಸುವುದು: ಈ ಎರಡು ಉದ್ದೇಶದಿಂದ 1911ರಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ವಿಶ್ವೇಶ್ವರಯ್ಯನವರು ಆಗ ಮುಖ್ಯ ಎಂಜಿನಿಯರ್. ಹಳೆಯ ಕನ್ನಂಬಾಡಿ ಊರು ಮುಳುಗಿತು. ಹಿನ್ನೀರು ಕೆ.ಆರ್. ಪೇಟೆ ಸೀಮೆಯವರೆಗೂ ಚಾಚಿತು. ದೂರದ ಗಣಿಯ ಬೆಳಕಿಗೆ ಇಲ್ಲಿನವರು ತೆತ್ತ ಬೆಲೆ ಅದು.

ವಿದ್ಯುತ್ತನ್ನು ದೂರ ಸಾಗಿಸುವಾಗ ಒಂದಿಷ್ಟು ತಂತಿಯಲ್ಲೇ ಶಾಖವಾಗಿ ಸೋರಿಹೋಗುತ್ತದೆ. ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಎರಡರಷ್ಟು ಮಾಡಿದರೆ ಅಷ್ಟೇ ವಿದ್ಯುತ್ತಿಗೆ ಅರ್ಧ ಪ್ರವಾಹ ಸಾಕು. ಸೋರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ. ದಿಕ್ಕು ಬದಲಿಸುತ್ತಾ ಹರಿಯುವ ಎ.ಸಿ. ವಿದ್ಯುತ್ತಿನ ಒತ್ತಡವನ್ನು ಟ್ರಾನ್ಸ್‌ಫಾರ್ಮರ್ ಸುಲಭವಾಗಿ ಏರಿಸಿ ಇಳಿಸುತ್ತದೆ. ಶಿವನಸಮುದ್ರದಲ್ಲಿ ಎ.ಸಿ.ಯನ್ನೇ ಆರಿಸಿಕೊಂಡದ್ದಕ್ಕೆ ಇದು ಕಾರಣ.

ಆದರೆ ಎ.ಸಿ.ಗೂ ಮಿತಿಯಿದೆ. ಒಂದು ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಹೆಜ್ಜೆ ಹೊಂದಿಸಿ ತಿರುಗಬೇಕು. ದೂರ ಹೆಚ್ಚಿದಷ್ಟೂ ಈ ಹೊಂದಾಣಿಕೆ ಕಷ್ಟ. ಒಂದೇ ದಿಕ್ಕಿಗೆ ಹರಿಯುವ ಡಿ.ಸಿ.ಗೆ ಈ ತೊಡಕಿಲ್ಲ. ಆದ್ದರಿಂದ ಒಂದು ತುದಿಯಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡಿ ಕಳಿಸಿ, ಇನ್ನೊಂದು ತುದಿಯಲ್ಲಿ ಮತ್ತೆ ಎ.ಸಿ. ಮಾಡಿಕೊಳ್ಳುತ್ತಾರೆ. ಈ ಕೆಲಸ ಮಾಡುವುದೇ ಪರಿವರ್ತನಾ ಕೇಂದ್ರ. ಅಲ್ಲಿನ ಥೈರಿಸ್ಟರುಗಳೆಂಬ ಅರೆವಾಹಕ ಸಾಧನಗಳು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಲೆಕ್ಕ ಹಾಕಿದಂತೆ ಬಾಗಿಲು ತೆರೆದು ಪ್ರವಾಹವನ್ನು ಬಿಡುತ್ತವೆ. ನಾಲೆಯ ತೂಬಿನಂತೆ, ಬೇಕಾದಷ್ಟನ್ನೇ ಬಿಡುವ ಹಿಡಿತವೂ ಇದರಿಂದ ಸಿಗುತ್ತದೆ. ಕೇಂದ್ರದ ಖರ್ಚು ಭಾರೀ. ತಂತಿಯ ಖರ್ಚು ಕಡಿಮೆ. ಹಾಗಾಗಿ ಬಹುದೂರದ ಸಾಗಣೆಗೆ ಮಾತ್ರ ಇದು ಲಾಭ.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಎರಡೇ ವರ್ಷದಲ್ಲಿ, 2003ರಲ್ಲಿ, ಅದೇ ಕೋಲಾರದ ಸೀಮೆಗೆ ಒಡಿಶಾದ ತಾಲ್ಚೇರಿನಿಂದ ಸುಮಾರು 1,400 ಕಿ.ಮೀ. ಉದ್ದದ, 5 ಲಕ್ಷ ವೋಲ್ಟಿನ ಡಿ.ಸಿ. ಮಾರ್ಗ ಬಂದಿಳಿಯಿತು. ಆರಂಭದಲ್ಲಿ ಅದರ ಸಾಮರ್ಥ್ಯ 2,000 ಮೆಗಾವಾಟ್. ದಕ್ಷಿಣದ ಜಾಲ ಆಗ ದೇಶದ ಉಳಿದ ಭಾಗದೊಂದಿಗೆ ಹೆಜ್ಜೆ ಹೊಂದಿಸಿರಲಿಲ್ಲ. ಇಂಥ ಪರಿವರ್ತನಾ ಕೇಂದ್ರಗಳೇ ಅವುಗಳ ನಡುವಣ ಸೇತುವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಎ.ಸಿ. ಮಾರ್ಗ ಸೇರಿದ ಮೇಲೆ ಇಡೀ ದೇಶದ ಜಾಲ ಒಂದೇ ನೊಗಕ್ಕೆ ಬಂತು.

ಹೀಗೆ ಕಾವೇರಿಯಿಂದ ಕೋಲಾರಕ್ಕೆ ಹೋದ ಕರೆಂಟು, ಒಂದು ಶತಮಾನದ ನಂತರ ಕೋಲಾರದ ಕಡೆಯಿಂದ ಇಡೀ ದಕ್ಷಿಣಕ್ಕೆ ಹರಿಯಿತು. ದೂರವನ್ನು ತಂತ್ರಜ್ಞಾನ ಗೆದ್ದಿದೆ. ದೊಡ್ಡ ತಂತಿಯಿಂದ ಹಳ್ಳಿಯ ಕಂಬಕ್ಕೆ, ಕಂಬದಿಂದ ಪಂಪ್‌ಸೆಟ್ಟಿಗೆ ಇರುವ ಕೊನೆಯ ಮಾರು ದೂರವನ್ನು ಮಾತ್ರ ನಾಗಮಂಗಲದ ರೈತ ಇನ್ನೂ ಗಂಟೆ ಎಣಿಸಿಯೇ ಅಳೆಯುತ್ತಿದ್ದಾನೆ.